ಮೈದಾ ಅಂಟಿನ ಶನಿವಾರಗಳು

ಶನಿವಾರ ಸಂಜೆ ನಾಲ್ಕಕ್ಕೆ ನಮ್ಮ ಡೊಂಬಿವಲಿ ಮನೆಯ ಹೊರಕೋಣೆಯಲ್ಲಿ ಮೂವರು ಸೇರುತ್ತಿದ್ದೆವು. ದೊಡ್ಡಪ್ಪ ಕುರ್ಚಿಯಲ್ಲಿ, ದೊಡ್ಡಮ್ಮ ಚಾಪೆಯ ಮೇಲೆ ಗೋಡೆಗೆ ಒರಗಿ, ನಾನು ಅವರಿಬ್ಬರ ನಡುವೆ ನೆಲದ ಮೇಲೆ. ನನ್ನ ಮುಂದೆ ಹಾಸಿದ ಹಳೇ ಪೇಪರು, ಪೇಪರಿನ ಮೇಲೆ ಅಂಟಿನ ಪಾತ್ರೆ, ಪಾತ್ರೆಯಲ್ಲಿ ಅರ್ಧ ಮುಳುಗಿದ ಬ್ರಶ್ಶು. ಅಪ್ಪ ಠಾಣೆ ಸ್ಟೇಶನ್ ಹತ್ತಿರದ ಒಂದು ಹೋಟೆಲಿನಲ್ಲಿ ಮ್ಯಾನೇಜರು. ವಾರದ ಏಳೂ ದಿನ ಅವರ ಸಂಜೆಗಳು ಅಲ್ಲಿಯ ದೋಸೆ ಹೆಂಚಿನ ಹೊಗೆಯಲ್ಲೇ ಮುಗಿಯುತ್ತಿದ್ದವು. ಅಮ್ಮನಿಗೆ ಶನಿವಾರ ಅರ್ಧ ದಿನ ಆಫೀಸು. ಲೋಕಲ್ ರೈಲಿನಲ್ಲಿ ನಿಂತೇ ಬಂದ ಕಾಲುಗಳನ್ನು ಒಳಕೋಣೆಯ ಗೋಡೆಗೆ ಎತ್ತಿಟ್ಟು ಮಲಗಿದರೆ ಆರರ ಕಾಫಿಗೇ ಅವಳು ಏಳುತ್ತಿದ್ದದ್ದು. ಹಾಗಾಗಿ ನಡೆಯುವುದೆಲ್ಲ ನಮ್ಮ ಮೂವರ ನಡುವೆಯೇ ನಡೆಯುತ್ತಿತ್ತು. ದೊಡ್ಡಮ್ಮ ಕಾದಂಬರಿ ಓದುವುದು, ದೊಡ್ಡಪ್ಪ ಕಣ್ಣು ಮುಚ್ಚಿ ಕೇಳುವುದು, ಕೆಟ್ಟದ್ದು ಬಂದಾಗ ನಿಲ್ಲಿಸುವುದು, ನಿಲ್ಲಿಸಿದ ಕಡೆ ಪುಟಕ್ಕೆ ಪುಟ ಸೇರಿಸಿ ಅಂಟಿಸಿಬಿಡುವುದು.

ಆ ಅಂಟಿನ ವಾಸನೆಯನ್ನು ಹೇಗೆ ಹೇಳಲಿ? ಮೈದಾವನ್ನು ನೀರಿನಲ್ಲಿ ಕದಡಿ, ಸ್ಟೋವಿನ ಮೇಲಿಟ್ಟು, ಗಂಟಾಗದ ಹಾಗೆ ತಿರುವಿ, ಹುಳ ಹಿಡಿಯಬಾರದೆಂದು ಚಿಟಿಕೆ ಮೈಲುತುತ್ತ ಹಾಕಿ ಇಳಿಸುವುದು. ಬಿಸಿ ಇರುವಾಗ ತೊಂದರೆಯಿಲ್ಲ, ಗಂಜಿಯ ಹಾಗೆ ಇರುತ್ತಿತ್ತು. ಆದರೆ ದೊಡ್ಡಪ್ಪನಿಗೆ ಏನನ್ನೂ ಎಸೆಯುವ ಮನಸ್ಸಿಲ್ಲ. ಕಳೆದ ವಾರ ಉಳಿದದ್ದರ ಮೇಲೇ ಈ ವಾರದ್ದನ್ನು ಹೊಯ್ಯಬೇಕು. ತಳದಲ್ಲಿ ಯಾವ ತಿಂಗಳ ಅಂಟು ಇತ್ತೋ ಯಾರಿಗೆ ಗೊತ್ತು. ಮೇಲೆ ಹಾಲಿನ ಕೆನೆಯಂಥ ಬೂದು ಪೊರೆ, ಬ್ರಶ್ಶು ತಗಲಿದರೆ ಅದು ಸುಕ್ಕುಗಟ್ಟಿ ಸರಿಯುತ್ತಿತ್ತು. ಹುಳಿ ಬಂದ ಹಿಟ್ಟು, ಒದ್ದೆ ಗೋಣಿಚೀಲ, ಪುಸ್ತಕದ ಧೂಳು ಎಲ್ಲ ಸೇರಿದ ಒಂದು ನಾತ. ಅದು ಬೆರಳ ಸಂದಿಯಲ್ಲಿ ಒಣಗಿ ಚೂರು ಚೂರಾಗಿ ಉದುರುತ್ತಿತ್ತು. ಮೈಲುತುತ್ತದ ವಿಷಕ್ಕೂ ಹೆದರದ ಜಿರಳೆಗಳು ನಮ್ಮ ಪುಸ್ತಕದ ಪೆಟ್ಟಿಗೆಯಲ್ಲಿ ಸಂಸಾರ ಹೂಡಿದ್ದವು. ಒಮ್ಮೆ ಅಂಟಿಸಿದ ಪುಟದ ನಡುವೆ ಒಂದು ಸಿಕ್ಕಿಬಿದ್ದು, ಕಾಗದದ ಮೇಲೆ ಅದರ ಆಕಾರ ಹಪ್ಪಳದ ಹಾಗೆ ಉಬ್ಬಿ ನಿಂತಿತ್ತು. ದೊಡ್ಡಪ್ಪ ಬೆರಳಿಂದ ಸವರಿ, "ಇಲ್ಲಿ ಗಂಟು ಉಂಟಲ್ಲ" ಎಂದು ಒತ್ತಿದರು. ಆ ರಾತ್ರಿ ನಾನು ಊಟ ಮಾಡಲಿಲ್ಲ.

ದೊಡ್ಡಪ್ಪ ನಮ್ಮೂರಿನ ಕನ್ನಡ ಸಂಘದ ಗ್ರಂಥಪಾಲರು. ಸಂಘವೆಂದರೆ ಮಾರ್ಕೆಟ್ಟಿನ ಒಂದು ಅಂಗಡಿಯ ಮೇಲಿನ ಕೋಣೆ, ಭಾನುವಾರ ಹತ್ತರಿಂದ ಹನ್ನೆರಡರವರೆಗೆ ತೆರೆದಿರುವುದು, ಎರಡು ಕಪಾಟು. ಒಂದು ಹಿರಿಯರ ಕಪಾಟು, ಇನ್ನೊಂದು ಕಿರಿಯರದು. ಕಿರಿಯರ ಕಪಾಟಿನ ಬಾಗಿಲಿಗೆ ದೊಡ್ಡಪ್ಪನ ಕೈಬರಹದ ಒಂದು ಹಾಳೆ: ಹದಿಹರೆಯದವರು ಓದಬೇಕಾದ ಯೋಗ್ಯ ಕಾದಂಬರಿಗಳು. ಅದರ ಕೆಳಗೆ ಇಪ್ಪತ್ತೊಂದು ಹೆಸರು. ಪ್ರತಿ ಪುಸ್ತಕದ ಮೊದಲ ಪುಟದಲ್ಲಿ "ಯೋಗ್ಯ" ಎಂಬ ನೀಲಿ ಮುದ್ರೆ. ಉಡುಪಿ ಕಡೆಯಿಂದ ಬಂದು ಇಲ್ಲಿ ಹೋಟೆಲು, ಆಫೀಸು ಎಂದು ನೆಲೆಯಾದ ಮನೆಗಳ ಮಕ್ಕಳು ನಾವು; ಮನೆಯಲ್ಲಿ ತುಳು, ಶಾಲೆಯಲ್ಲಿ ಮರಾಠಿ, ಬೀದಿಯಲ್ಲಿ ಹಿಂದಿ. ಕನ್ನಡ ಕೈಬಿಟ್ಟು ಹೋಗಬಾರದು ಎಂದು ಹಿರಿಯರಿಗೆ ಹೆದರಿಕೆ. ಮಕ್ಕಳು ಓದಬೇಕು, ಆದರೆ ಓದಿ ಕೆಡಬಾರದು. ಈ ಎರಡನ್ನೂ ಸೇರಿಸಿದಾಗ ಉಂಟಾದದ್ದೇ ದೊಡ್ಡಪ್ಪನ ಅಂಟು. ಸಂಘದವರೆಲ್ಲ ಅದನ್ನು ಮೆಚ್ಚಿಕೊಂಡಿದ್ದರು. "ಶ್ರಮ ತಗೊಳ್ತಾರೆ ಮಾರಾಯ್ರೇ, ಒಂದೊಂದು ಪುಟ ನೋಡಿ ಇಡ್ತಾರೆ" ಎಂದು ಹೇಳುತ್ತಿದ್ದರು.

ನೋಡುತ್ತಿದ್ದದ್ದು ದೊಡ್ಡಪ್ಪನಲ್ಲ. ಅವರ ಎರಡೂ ಕಣ್ಣಿಗೆ ಪೊರೆ ಬಂದಿತ್ತು, ಆಪರೇಶನ್ ಎಂದರೆ ಜೀವ ಹೋಗುವಷ್ಟು ಹೆದರಿಕೆ. ಮುದ್ರೆ ಒತ್ತುವಷ್ಟು, ದಾರಿ ನಡೆಯುವಷ್ಟು ಕಾಣುತ್ತಿತ್ತು, ಅಕ್ಷರ ಕಾಣುತ್ತಿರಲಿಲ್ಲ. ಓದುತ್ತಿದ್ದದ್ದು ದೊಡ್ಡಮ್ಮ. ದೊಡ್ಡಪ್ಪ ಕೇಳುತ್ತ ನಸ್ಯ ಏರಿಸುವರು, ಸೀನುವರು, ಸೀನಿದ್ದು ಪುಸ್ತಕದ ಮೇಲೂ ನನ್ನ ಮೇಲೂ ಹಾರುವುದು, ಕಂದು ಬಣ್ಣದ ಕರವಸ್ತ್ರದಲ್ಲಿ ಮೂಗೊರಸಿಕೊಂಡು ಅದೇ ಕರವಸ್ತ್ರದಿಂದ ರಟ್ಟನ್ನೂ ಒರಸುವರು. ಜಗತ್ತಿನ ಕಾದಂಬರಿಗಳಲ್ಲಿ ಯಾವುದು ಗಲೀಜು ಎಂದು ತೀರ್ಮಾನಿಸುವ ಮೂಗು ಅದು.

"ನಿಲ್ಲಿಸು. ಪುಟ ಎಷ್ಟು?"

"ನೂರಾ ಹನ್ನೆರಡು."

"ಹೆಣ್ಣೇ, ನೀನು ಗ್ಯಾಲರಿಗೆ ಹೋಗು."

ನಾನು ಗ್ಯಾಲರಿಗೆ, ಅಂದರೆ ಬಾಲ್ಕನಿಗೆ, ಹೋಗಿ ಬಾಗಿಲು ಎಳೆದುಕೊಂಡು ನಿಲ್ಲಬೇಕು. ಗಲೀಜು ಎಲ್ಲಿಯವರೆಗೆ ಹರಿದಿದೆ ಎಂದು ತಿಳಿಯಲು ಒಳಗೆ ದೊಡ್ಡಮ್ಮ ಮುಂದಕ್ಕೆ ಓದುವರು. ಮಾತು ಕೇಳಿಸದು, ಗುಂಯ್ ಎನ್ನುವ ದನಿ ಮಾತ್ರ. ಕೆಳಗೆ ಫಾಸ್ಟ್ ಲೋಕಲ್ ಹೋದರೆ ಅದೂ ಇಲ್ಲ. ಕೊನೆಗೆ ದೊಡ್ಡಪ್ಪನ "ಥೂ" ಬಾಗಿಲು ದಾಟಿ ಬರುತ್ತಿತ್ತು. ಸಣ್ಣ ಥೂ ಆದರೆ ಎರಡು ಪುಟ, ದೊಡ್ಡ ಥೂ ಆದರೆ ಹತ್ತು. ಆಮೇಲೆ ನನ್ನನ್ನು ಒಳಗೆ ಕರೆಯುವುದು, ಬ್ರಶ್ಶು ಕೊಡುವುದು.

ದೊಡ್ಡಮ್ಮನ ಓದಿನ ಬಗ್ಗೆ ಹೇಳದೆ ಮುಂದೆ ಹೋದರೆ ನನ್ನ ನಾಲಿಗೆ ಬಿದ್ದುಹೋಗುತ್ತದೆ. ನನಗೆ ಕನ್ನಡ ಬಂದದ್ದೇ ಆ ದನಿಯಿಂದ. ಅವರು ಏಳನೆಯವರೆಗೆ ಓದಿದವರು. ಕಾದಂಬರಿಯಲ್ಲಿ ಗೌಡ ಬಂದರೆ ದನಿ ದಪ್ಪವಾಗುವುದು, ಅತ್ತೆ ಬಂದರೆ ಮೂಗಿನಲ್ಲಿ ಹೊರಡುವುದು, ಮಗು ಬಂದರೆ ಅವರ ಕಣ್ಣೇ ಸಣ್ಣದಾಗುವುದು. ಒಂದು ಸಲ ಗಟ್ಟಿಯಾಗಿ ಓದಿದ್ದು ಅವರಿಗೆ ಮರೆಯುತ್ತಿರಲಿಲ್ಲ. ಮರುದಿನ ತೆಂಗಿನಕಾಯಿ ತುರಿಯುತ್ತ ಅದೇ ವಾಕ್ಯಗಳನ್ನು, ಅಲ್ಪವಿರಾಮವನ್ನೂ ಬಿಡದೆ, ತುರಿಮಣೆಗೆ ಹೇಳುತ್ತಿದ್ದರು. ನಾನು ಶಾಲೆಯಿಂದ ಬಂದರೆ, ಅಮ್ಮ ಆಫೀಸಿನಿಂದ ಬಂದರೆ, ಅಪ್ಪ ಯಾವ ಹೊತ್ತಿಗೆ ಬಂದರೂ, ಮೊದಲು ಕೇಳುತ್ತಿದ್ದದ್ದು ಅವರು: "ಊಟ ಆಯ್ತಾ ನಿಂದು?" ಅವರು ಎಲ್ಲರ ನಂತರ, ಅಡುಗೆಮನೆಯ ಹೊಸ್ತಿಲ ಒಳಗೆ ಕೂತು ತಟ್ಟೆ ಮಡಿಲಲ್ಲಿಟ್ಟುಕೊಂಡು ಉಣ್ಣುತ್ತಿದ್ದರು. ಅವರನ್ನು ಯಾರಾದರೂ ಹಾಗೆ ಕೇಳಿದ್ದು ನನಗೆ ನೆನಪಿಲ್ಲ. ನಾನೂ ಕೇಳಿದವಳಲ್ಲ.

ಅಂಟಿಸುವುದರಲ್ಲಿ ಅವರಿಗೆ ಒಂದು ಕ್ರಮ ಇತ್ತು. ಮೊದಲ ದಿನವೇ ನನ್ನ ಕೈ ಹಿಡಿದು ಕಲಿಸಿದ್ದರು.

"ಅಂಚಿಗೆ ಮಾತ್ರ ಹಚ್ಚು ಮಗಾ, ಬೆರಳಗಲ. ಅಕ್ಷರದ ಮೇಲೆ ಬಳಿಯಬೇಡ. ಅಕ್ಷರ ಸಾಯ್ತದೆ."

"ದೊಡ್ಡಪ್ಪ ಪೂರ್ತಿ ಅಂತ ಹೇಳಿದ್ರಲ್ಲ?"

"ಅವರಿಗೆ ಕಾಣ್ತದಾ? ಮುಚ್ಚಿದರೆ ಆಯ್ತು, ಕೊಲ್ಲುವುದು ಎಂತಕ್ಕೆ?"

ಇದನ್ನೆಲ್ಲ ಈಗ ಯಾಕೆ ಬರೆಯುತ್ತಿದ್ದೇನೆಂದರೆ, ಈಗ ನಾನಿರುವುದು ಠಾಣೆಯ ಘೋಡಬಂದರ್ ರಸ್ತೆಯ ಒಂದು ಕಾಂಪ್ಲೆಕ್ಸಿನಲ್ಲಿ. ನಮ್ಮ ಕಟ್ಟಡಗಳ ಕನ್ನಡದವರದ್ದೊಂದು ವಾಟ್ಸಾಪ್ ಗುಂಪು ಉಂಟು. ಹೋದ ತಿಂಗಳು ಅದರಲ್ಲಿ ಒಬ್ಬ ತಾಯಿ ನನಗೆ ಬರೆದಳು: "ಆಂಟಿ, ಟೀನೇಜ್ ಮಕ್ಕಳಿಗೆ ಒಳ್ಳೆ ಕಾದಂಬರಿಗಳ ಲಿಸ್ಟ್ ಮಾಡಿಕೊಡ್ತೀರಾ ಪ್ಲೀಸ್? ಆದ್ರೆ ಕ್ಲೀನ್ ಇರ್ಬೇಕು." ಅವಳ ಬೆನ್ನಿಗೆ ಇನ್ನೊಬ್ಬಳು, ಯಾವ ಪುಟ ಬಿಟ್ಟು ಓದಬೇಕು ಅಂತ ಪಕ್ಕದಲ್ಲಿ ನಂಬರು ಹಾಕಿದರೆ ಇನ್ನೂ ಹೆಲ್ಪ್ ಆಗ್ತದೆ ಎಂದಳು. ಕೆಳಗೆ ಹದಿನೇಳು ಜನ ಹೆಬ್ಬೆರಳು ಎತ್ತಿದ್ದರು. ಒಳ್ಳೆಯ ಹುಡುಗಿಯರು, ಹಬ್ಬಕ್ಕೆ ನನಗೆ ಚಕ್ಕುಲಿ ತಂದುಕೊಡುವವರು. ಆದರೂ ಓದುತ್ತಿದ್ದ ಹಾಗೆ ಇಪ್ಪತ್ತೆರಡನೇ ಮಹಡಿಯ ನನ್ನ ಹಾಲಿನಲ್ಲಿ ಹುಳಿ ಮೈದಾದ ನಾತ ಎದ್ದಿತು. ನಾನು ಎದ್ದುಹೋಗಿ ಸೋಪು ಹಾಕಿ ಕೈ ತೊಳೆದೆ. ಲಿಸ್ಟು ಇನ್ನೂ ಕಳಿಸಿಲ್ಲ.

ಯಾಕೆಂದರೆ ಅಂಟಿಸಿದ ಪುಟಗಳು ನನಗೆ ಮಾಡಿದ್ದು ಏನು ಎಂದು ನನಗೆ ಗೊತ್ತು. ನನಗಾಗ ಹದಿನಾಲ್ಕು. ಆ ಬಿರುಸು ಹಾಳೆಗಳನ್ನು ಬೆರಳಲ್ಲಿ ಬಡಿದು, ದೀಪಕ್ಕೆ ಹಿಡಿದು, ಒಳಗೆ ಏನಿದೆ ಎಂದು ಊಹಿಸುತ್ತ ಕೂರುತ್ತಿದ್ದೆ. ಹತ್ತು ಪುಟದ ಥೂ ಎಂದರೆ ಒಳಗೆ ಎಂಥೆಂಥದ್ದು ಇರಬಹುದು! ಪ್ಲಾಟ್‌ಫಾರ್ಮಿನ ಪಾಯಿಖಾನೆಯ ಗೋಡೆಯಲ್ಲಿ ಗೀಚಿದ್ದನ್ನು, ಗಣಪತಿ ಪೆಂಡಾಲಿನ ಹಿಂದೆ ಹುಡುಗರು ಹೇಳಿಕೊಂಡು ನಕ್ಕದ್ದನ್ನು, ಕೆಳಗಿನ ಮನೆಯ ಗಂಡಹೆಂಡತಿ ಜಗಳದಲ್ಲಿ ಬೈದುಕೊಂಡದ್ದನ್ನು, ಎಲ್ಲವನ್ನೂ ತಂದು ಆ ಪುಟಗಳ ನಡುವೆ ತುಂಬಿದೆ. ಯಾವ ಲೇಖಕನೂ ಬರೆಯದ ಹೊಲಸನ್ನು ನಾನೇ ಬರೆದೆ. "ಯೋಗ್ಯ" ಎಂಬ ಮುದ್ರೆಯ ಕೆಳಗೆ. ನೆನೆಸಿಕೊಂಡರೆ ಈಗಲೂ ಮೈ ಜುಮ್ಮೆನ್ನುತ್ತದೆ, ಹೇಸಿಗೆಯಿಂದ.

ಅದಕ್ಕೇ ನನಗೆ ಹಿರಿಯರ ಕಪಾಟಿನ ಕಾರ್ಡು ಬೇಕಿತ್ತು. ಆ ಕಪಾಟಿನ ಪುಸ್ತಕಗಳಿಗೆ ಅಂಟಿಲ್ಲ. ಹದಿನೆಂಟು ತುಂಬುವವರೆಗೆ ಅದರ ಹತ್ತಿರ ಸುಳಿಯುವಂತಿಲ್ಲ. ಆದರೆ ವರ್ಷಕ್ಕೊಮ್ಮೆ ಸಂಘ ನಡೆಸುವ ಓದಿನ ಪರೀಕ್ಷೆಯಲ್ಲಿ ಗೆದ್ದವರಿಗೆ ಆ ದಿನವೇ ಕಾರ್ಡು. ಕಿರಿಯರ ಪಟ್ಟಿಯ ಇಪ್ಪತ್ತೊಂದೂ ಓದಿ, ಕೇಳಿದ ಪ್ರಶ್ನೆಗೆ ಕನ್ನಡದಲ್ಲಿ ಉತ್ತರ ಹೇಳಬೇಕು. ಆ ವರ್ಷ ಗೆಲ್ಲಲೇಬೇಕೆಂದು ನಾನು ಹಟ ಹಿಡಿದಿದ್ದೆ. ಇಪ್ಪತ್ತು ಪುಸ್ತಕ ಬಾಯಿಪಾಠ ಆಗಿತ್ತು. ಇಪ್ಪತ್ತೊಂದನೆಯದು, ಹಸಿರು ರಟ್ಟಿನದು, ತಲೆ ತಿನ್ನುತ್ತಿತ್ತು. ಅದರಲ್ಲಿ ರೇವತಿ ಎಂಬ ಹುಡುಗಿ ಅಪ್ಪನೊಡನೆ ಜಗಳವಾಡಿ ಮನೆ ಬಿಟ್ಟು ಚಿಕ್ಕಮ್ಮನ ಊರಿಗೆ ಹೋಗುತ್ತಾಳೆ, ಇನ್ನು ಈ ಮನೆಗೆ ಕಾಲಿಡೆನೆಂದು ಆಣೆ ಇಡುತ್ತಾಳೆ. ಆಮೇಲೆ ನಾಲ್ಕು ಪುಟ ಅಂಟು. ಆಮೇಲೆ ರೇವತಿ ಮನೆಯ ಅಂಗಳದಲ್ಲಿ ರಂಗೋಲಿ ಹಾಕುತ್ತಿದ್ದಾಳೆ! ಅದನ್ನು ಅಂಟಿಸಿದ ಶನಿವಾರ ನನಗೆ ಚೆನ್ನಾಗಿ ನೆನಪಿತ್ತು. ಗ್ಯಾಲರಿಯಲ್ಲಿ ಕಿವಿಗೊಟ್ಟು ನಿಂತಿದ್ದೆ, ಥೂ ಬರಲೇ ಇಲ್ಲ. ತುಂಬ ಹೊತ್ತು ಏನೂ ಇಲ್ಲ. ಕೊನೆಗೆ ದೊಡ್ಡಪ್ಪ "ಅಂಟಿಸು" ಎಂದರು, ಅಷ್ಟೇ. ಥೂ ಎನ್ನುವುದಕ್ಕೂ ಆಗದ ಹಾಗಿನದ್ದು ಎಂದರೆ ಅದೆಂಥದ್ದಿರಬೇಕು?

ಪರೀಕ್ಷೆಗೆ ಒಂದು ವಾರ ಇರುವಾಗ, ಮಧ್ಯಾಹ್ನ ದೊಡ್ಡಪ್ಪ ಮಲಗಿದ್ದಾಗ, ದೊಡ್ಡಮ್ಮ ತರಕಾರಿಗೆಂದು ಕೆಳಗಿಳಿದ ಕೂಡಲೇ ಇಡ್ಲಿ ಪಾತ್ರೆಗೆ ನೀರು ಹಾಕಿ ಸ್ಟೋವಿನ ಮೇಲಿಟ್ಟೆ. ಹಬೆ ಬಂದಾಗ ಪುಸ್ತಕದ ಅಂಚನ್ನು ಅದಕ್ಕೆ ಹಿಡಿದೆ. ಅಂಚಿಗೆ ಮಾತ್ರ ಹಚ್ಚಿದ ಅಂಟು. ಹಳೇ ಗಾಯದ ಪಟ್ಟಿಯ ಹಾಗೆ ಮೆತ್ತಗೆ ಬಿಟ್ಟುಕೊಂಡಿತು. ನಾತ ಮುಖಕ್ಕೇ ಹೊಡೆಯಿತು. ಅಲ್ಲೇ ಸ್ಟೋವಿನ ಮುಂದೆ ನಿಂತು ಓದಿದೆ. ರೇವತಿಯ ಅಪ್ಪ ಬಸ್ಸಿಳಿದು ಚಿಕ್ಕಮ್ಮನ ಮನೆಗೆ ಬರುತ್ತಾನೆ. ಜಗಲಿಯಲ್ಲಿ ನಿಲ್ಲುತ್ತಾನೆ. ಮಗಳು ಮುಖ ಕೊಡುವುದಿಲ್ಲ. ಅವನು ಹೇಳುತ್ತಾನೆ, "ತಪ್ಪು ನನ್ನದು, ಮಗಳೇ. ನೀನು ಹೇಳಿದ್ದೇ ಸರಿ. ನನ್ನನ್ನು ಕ್ಷಮಿಸು." ಅವಳು ಅಳುತ್ತಾಳೆ. ಇಬ್ಬರೂ ಬಸ್ಸು ಹತ್ತುತ್ತಾರೆ. ಮುಗಿಯಿತು. ನಾಲ್ಕು ಪುಟ.

ನಾನು ಹಿಂದೆ ಮುಂದೆ ತಿರುಗಿಸಿ ನೋಡಿದೆ. ಬೇರೇನೂ ಇರಲಿಲ್ಲ. ಒಬ್ಬ ಅಪ್ಪ ಮಗಳ ಮುಂದೆ ತಪ್ಪಾಯಿತು ಎಂದಿದ್ದ, ಅದನ್ನು ನಮ್ಮ ಮನೆಯಲ್ಲಿ ಜಿರಳೆ ಅಂಟಿನಲ್ಲಿ ಮುಚ್ಚಿಟ್ಟಿದ್ದರು. ಹೊಲಸು ಸಿಕ್ಕಿದ್ದರೆ ಬಹುಶಃ ಅಷ್ಟು ಹೇಸಿಗೆಯಾಗುತ್ತಿರಲಿಲ್ಲ. ಪುಸ್ತಕವನ್ನು ಫ್ಯಾನಿನ ಕೆಳಗೆ ಒಣಗಿಸಿ ಜಾಗದಲ್ಲಿಟ್ಟೆ, ಪಾತ್ರೆ ಮರೆತೆ. ದೊಡ್ಡಮ್ಮ ಬಂದು ಚೀಲ ಇಳಿಸಿ, ಹಬೆಯಾಡುವ ಪಾತ್ರೆಯ ಮುಚ್ಚಳ ಎತ್ತಿ ನೋಡಿದರು. ಒಳಗೆ ಬರೇ ನೀರು.

"ಇಡ್ಲಿ ಬೆಂದಿತಾ ಮಗಾ?"

ಅವರು ನೀರು ಚೆಲ್ಲಿ ಪಾತ್ರೆ ಬೋರಲು ಹಾಕಿದರು.

ಪರೀಕ್ಷೆಯ ಭಾನುವಾರ ಸಂಘದ ಕೋಣೆ ತುಂಬಿತ್ತು. ಹನ್ನೊಂದು ಮಕ್ಕಳು ಬೆಂಚಿನ ಮೇಲೆ, ಹಿಂದೆ ತಂದೆತಾಯಿಗಳು, ದೊಡ್ಡಪ್ಪ ಮೇಜಿನ ಹತ್ತಿರ ಇಸ್ತ್ರಿಯ ಅಂಗಿಯಲ್ಲಿ. ಮೇಜಿನ ಮೇಲೆ ನೀಲಿ ರಟ್ಟಿನ ಕಾರ್ಡು, ಹೆಸರಿನ ಜಾಗ ಖಾಲಿ. ದೊಡ್ಡಮ್ಮ ಬಾಗಿಲ ಬಳಿ ಅವಲಕ್ಕಿಯ ಡಬ್ಬಿ, ಕಾಫಿಯ ಫ್ಲಾಸ್ಕು ಇಟ್ಟುಕೊಂಡು ಕೂತಿದ್ದರು. ಪ್ರಶ್ನೆ ಕೇಳಲು ಕಲ್ಯಾಣದಿಂದ ಧಾರವಾಡ ಕಡೆಯ ಒಬ್ಬರು ನಿವೃತ್ತ ಟೀಚರು ಬಂದಿದ್ದರು. ಸಂಘದವರು ಮಾಡಿದ ತಪ್ಪು ಒಂದೇ: ಅವರಿಗೆ ಪಟ್ಟಿ ಕಳಿಸಿದ್ದರು, ಪುಸ್ತಕ ಕಳಿಸಿರಲಿಲ್ಲ. ಟೀಚರು ತಮ್ಮ ಮನೆಯ ಪುಸ್ತಕಗಳನ್ನೇ ಓದಿ ಬಂದಿದ್ದರು. ಐದಾರು ಪ್ರಶ್ನೆ ಸಲೀಸಾಗಿ ಹೋದವು. ಆಮೇಲೆ ತಪ್ಪು ಹೇಳಿದವರು ಒಬ್ಬೊಬ್ಬರಾಗಿ ಹೊರಬಿದ್ದು ಉಳಿದವರು ಮೂವರು. ಆಗ ಅವರು ಚೀಲದಿಂದ ಹಸಿರು ರಟ್ಟಿನದನ್ನು ತೆಗೆದು ಎತ್ತಿ ಹಿಡಿದರು.

"ಈ ರೇವತಿ ಮನಿ ಬಿಟ್ಟು ಹೋಗ್ಯಾಳ. ಆಣಿ ಬ್ಯಾರೆ ಇಟ್ಟಾಳ. ಅಂಥಾಕಿ ಕೊನಿಗೆ ವಾಪಸ್ ಯಾಕ ಬಂದ್ಲು? ಹೇಳ್ರಿ ನೋಡೋಣ."

ನನ್ನ ಪಕ್ಕದ ಹುಡುಗ ಎದ್ದು ನಿಂತ. "ತೀ ಚುಕ್‌ಲೀ ಹೋತೀ ನಾ..." ಎಂದು ಮರಾಠಿಯಲ್ಲಿ ಶುರು ಮಾಡಿ, ನಾಲಿಗೆ ಕಚ್ಚಿಕೊಂಡು, "ಅವಳದ್ದು ತಪ್ಪು ಅಂತ ಅವಳಿಗೆ ಗೊತ್ತಾಯ್ತು, ಅದಕ್ಕೆ" ಎಂದ. ದೊಡ್ಡಪ್ಪ ತಲೆದೂಗಿದರು. ಇನ್ನೊಬ್ಬಳು, ದೊಡ್ಡವರು ಯಾವಾಗಲೂ ನಮ್ಮ ಒಳ್ಳೆಯದಕ್ಕೇ ಹೇಳುವುದು ಎಂದು ರೇವತಿ ತಿಳಿದುಕೊಂಡಳು ಎಂದಳು. ಹಿಂದಿನಿಂದ ಚಪ್ಪಾಳೆ. ಟೀಚರ ಹುಬ್ಬು ಗಂಟಿಕ್ಕಿತು.

"ಏನ್ರವಾ ಇದು? ಯಾವ ಪುಸ್ತಕ ಓದೀರಿ ನೀವು? ನೀ ಹೇಳು, ಎರಡು ಜಡಿಯಾಕಿ."

ಎರಡು ಜಡೆಯವಳು ನಾನೇ. ನಾನು ಎದ್ದು, "ಅವಳ ಅಪ್ಪ ಬಂದು ತಪ್ಪು ನನ್ನದು ಅಂತ ಹೇಳಿದ್ರು. ಕ್ಷಮೆ ಕೇಳಿದ್ರು. ಅದಕ್ಕೆ ಬಂದಳು" ಎಂದೆ.

"ಶಾಬಾಸ್! ಪುಸ್ತಕ ಓದಿದಾಕಿ ಈಕಿ ಒಬ್ಬಾಕಿನ ನೋಡ್ರಿ!"

ದೊಡ್ಡಪ್ಪ ತಿರುಗಿದರು. ಪೊರೆ ಬಂದ ಕಣ್ಣು ನನ್ನ ಮುಖವನ್ನು ಸರಿಯಾಗಿ ಹುಡುಕಿಕೊಂಡಿತು.

"ಆ ಪುಟ ನೀನು ಹೇಗೆ ಓದಿದೆ ಹೆಣ್ಣೇ?"

ಕಾರ್ಡು ಅವರ ಕೈಯ ಕೆಳಗಿತ್ತು. ನಾನೇ ಬಿಡಿಸಿದೆ ಎನ್ನಬಹುದಿತ್ತು. ಬೈಗುಳ ತಿಂದು ಮನೆಗೆ ಹೋಗಬಹುದಿತ್ತು. ಬಾಗಿಲ ಬಳಿ ದೊಡ್ಡಮ್ಮ ಲೋಟಗಳಿಗೆ ಕಾಫಿ ಬಗ್ಗಿಸುತ್ತಿದ್ದರು.

"ಅಂಟು ಬಿಟ್ಟುಕೊಂಡಿತ್ತು ದೊಡ್ಡಪ್ಪಾ. ದೊಡ್ಡಮ್ಮ ಅಂಚಿಗೆ ಮಾತ್ರ ಹಚ್ಚಿಸುವುದು. ನಡುವೆ ಹಚ್ಚಲು ಬಿಡುವುದೇ ಇಲ್ಲ, ಯಾವಾಗಲೂ."

ಆ "ಯಾವಾಗಲೂ" ಎಂಬುದನ್ನು ನನ್ನನ್ನು ಯಾರೂ ಕೇಳಿರಲಿಲ್ಲ. ಅದನ್ನು ನಾನಾಗಿ ಕೊಟ್ಟೆ. ಜಿರಳೆ ನೋಡಿದ್ದೇನೆ, ನಸ್ಯದ ಕರವಸ್ತ್ರ ಒಗೆದಿದ್ದೇನೆ, ಮಳೆಗಾಲದಲ್ಲಿ ಸ್ಟೇಶನ್ ರಸ್ತೆಯ ಗಟಾರದ ನೀರಿನಲ್ಲಿ ಮೊಣಕಾಲುದ್ದ ನಡೆದಿದ್ದೇನೆ. ಆ ಒಂದು ಮಾತಿನಷ್ಟು ಹೇಸಿಗೆ ನನಗೆ ಇನ್ನಾವುದರಿಂದಲೂ ಆಗಿಲ್ಲ.

"ಅಂಟಾ? ಯಾವ ಅಂಟವಾ?" ಎಂದರು ಟೀಚರು.

"ಏನಿಲ್ಲ ಟೀಚರೇ, ಹಳೇ ಪುಸ್ತಕ, ಬೈಂಡಿಂಗಿನದ್ದು" ಎಂದು ದೊಡ್ಡಪ್ಪ ನಕ್ಕರು. ಕಾರ್ಡಿನ ಮೇಲೆ ನನ್ನ ಹೆಸರು ಬರೆಸಿದರು. ಎಲ್ಲರೂ ಚಪ್ಪಾಳೆ ತಟ್ಟಿದರು. ದೊಡ್ಡಮ್ಮ ಲೋಟ ಹಂಚುತ್ತ ನನ್ನ ಹತ್ತಿರವೂ ಬಂದರು. ಮನೆಯಲ್ಲಿ ನನಗೆ ಕಾಫಿ ಕೊಡುತ್ತಿರಲಿಲ್ಲ. ಆ ದಿನ ಕೊಟ್ಟರು.

"ಕುಡಿ. ಆರಿಹೋಗ್ತದೆ" ಎಂದರು.

ಮನೆಯಲ್ಲಿ ಕೂಗಾಟ ಏನೂ ಆಗಲಿಲ್ಲ. ಕೂಗಾಡಿದ್ದರೆ ಒಳ್ಳೆಯದಿತ್ತು. ಮುಂದಿನ ಶನಿವಾರ ನಾಲ್ಕಕ್ಕೆ ದೊಡ್ಡಮ್ಮ ಕೈ ಒರಸಿಕೊಂಡು ಚಾಪೆಗೆ ಬರುವಾಗ ದೊಡ್ಡಪ್ಪ ಕುರ್ಚಿಯಿಂದಲೇ ಹೇಳಿದರು:

"ಇವತ್ತಿನಿಂದ ಹೆಣ್ಣೇ ಓದಲಿ. ಅವಳಿಗೆ ಈಗ ಹಿರಿಯರ ಕಾರ್ಡು ಉಂಟಲ್ಲ. ನಿನಗೆ ಅಡುಗೆಯದ್ದೇ ಬೇಕಾದಷ್ಟು ಕೆಲಸ ಉಂಟು."

ದೊಡ್ಡಮ್ಮ ಒಂದು ಗಳಿಗೆ ಚಾಪೆಯ ಅಂಚಿನಲ್ಲಿ ನಿಂತರು. ಕನ್ನಡಕವನ್ನು ಡಬ್ಬಿಗೆ ಹಾಕಿ, ಡಬ್ಬಿಯನ್ನು ದೇವರ ಕಪಾಟಿನ ಮೇಲಿಟ್ಟು ಒಳಗೆ ಹೋದರು. ನನ್ನ ಮೊದಲ ಕೆಲಸ ಹಸಿರು ರಟ್ಟಿನದನ್ನು ಹೊಸದಾಗಿ ಅಂಟಿಸುವುದು. ಈ ಸಲ ಪುಟ ಪೂರ್ತಿ. ದೊಡ್ಡಪ್ಪ ಬೆರಳು ಆಡಿಸಿ ನೋಡುತ್ತ, "ಇಲ್ಲಿ ಒಣಗಿದೆ, ಇಲ್ಲಿ ಬಳಿ" ಎಂದು ಹೇಳಿಕೊಟ್ಟರು. ಒದ್ದೆಯಾದ ಕೂಡಲೇ ಅಕ್ಷರ ಒಮ್ಮೆ ಕಪ್ಪಗೆ ಎದ್ದು ಕಾಣುತ್ತದೆ, ಆಮೇಲೆ ಮುಳುಗುತ್ತದೆ. "ತಪ್ಪು ನನ್ನದು, ಮಗಳೇ" ಎಂಬ ಸಾಲಿನ ಮೇಲೆ ನಾನೇ ಬ್ರಶ್ಶು ಎಳೆದೆ. ಹೊಸ ಕಾದಂಬರಿ ಓದಲು ಕೂತಾಗ ಅಡುಗೆಮನೆಗೆ ಕೇಳಲೆಂದು ಬೇಕೆಂದೇ ಗಟ್ಟಿಯಾಗಿ ಓದಿದೆ. ಒಳಗೆ ಮಿಕ್ಸಿ ತಿರುಗತೊಡಗಿತು. ನೀರು ಕುಡಿಯುವ ನೆಪದಲ್ಲಿ ಹೋಗಿ ನೋಡಿದರೆ ಜಾರಿನಲ್ಲಿ ಏನೂ ಇರಲಿಲ್ಲ. ಖಾಲಿ ಮಿಕ್ಸಿಯ ಗುಂಡಿ ಒತ್ತಿ ಹಿಡಿದು, ಕಿಟಕಿಯ ಆಚೆ ನೋಡುತ್ತ ಅವರು ನಿಂತಿದ್ದರು. ಮರುದಿನದಿಂದ ತುರಿಮಣೆಯ ಮುಂದಿನ ಮಾತೂ ನಿಂತಿತು. ಮನೆಯಲ್ಲಿ ಕನ್ನಡವೇ ಕಡಿಮೆಯಾದ ಹಾಗೆ ಅನ್ನಿಸುತ್ತಿತ್ತು. ಆ ಕಾರ್ಡಿನ ಮೇಲೆ ನಾನು ತಂದ ಮೊದಲ ಪುಸ್ತಕವೋ, ಇಬ್ಬರು ಅಣ್ಣತಮ್ಮಂದಿರು ಬಾವಿಯ ಪಾಲಿಗಾಗಿ ಮುನ್ನೂರು ಪುಟ ಕೋರ್ಟಿಗೆ ಅಲೆಯುವ ಕತೆ. ಅದರಲ್ಲಿ ಒಂದು ಹೆಣ್ಣೂ ಇರಲಿಲ್ಲ. ಇದಕ್ಕಾಗಿ ನಾನು ಅಷ್ಟೆಲ್ಲ ಮಾಡಿದ್ದು.

ದೊಡ್ಡಮ್ಮನ ಹತ್ತಿರ ತಪ್ಪಾಯಿತು ಎನ್ನಬೇಕೆಂದು ದಿನಾ ಅಂದುಕೊಳ್ಳುತ್ತಿದ್ದೆ. ಅವರು ತಲೆಗೆ ಎಣ್ಣೆ ಹಚ್ಚುವಾಗ, ಜಡೆ ಹೆಣೆಯುವಾಗ, ಬಾಯಿಯವರೆಗೆ ಬರುತ್ತಿತ್ತು. ಆದರೆ ಆ ಮಾತನ್ನು ನಮ್ಮ ಮನೆಯಲ್ಲಿ ಯಾರೂ ಯಾರಿಗೂ ಹೇಳಿದ್ದು ನಾನು ಕೇಳಿರಲಿಲ್ಲ. ಅದನ್ನು ಹೇಳುವಾಗ ಮುಖ ಎಲ್ಲಿಡುವುದು, ಕೈ ಎಲ್ಲಿಡುವುದು, ಒಂದೂ ಗೊತ್ತಿರಲಿಲ್ಲ. ಅದನ್ನು ಹೇಳಿ ತೋರಿಸಿದ್ದ ನಾಲ್ಕು ಪುಟವನ್ನು ನಾನೇ ಬಳಿದು ಮುಚ್ಚಿದ್ದೆ.

ನವರಾತ್ರಿ ಕಳೆದ ಮೇಲೆ ಒಂದು ಭಾನುವಾರ, ಹತ್ತೂವರೆಗೆ, ದೊಡ್ಡಮ್ಮ ಹೊರಗೆ ಹೋಗುವ ಸೀರೆ ಉಟ್ಟು ಸಂಘದ ಮೆಟ್ಟಿಲು ಹತ್ತಿ ಬಂದರು. ನಾನು ಮೇಜಿನ ಪಕ್ಕದಲ್ಲಿ ಹರಿದ ರಟ್ಟು ಅಂಟಿಸುತ್ತ ಕೂತಿದ್ದೆ. ಅವರು ಸದಸ್ಯತ್ವದ ಫಾರಂ ಕೇಳಿದರು.

"ನಿನಗೆಂತಕ್ಕೆ ಕಾರ್ಡು? ಮನೆಗೇ ಪುಸ್ತಕ ಬರ್ತದಲ್ಲ" ಎಂದರು ದೊಡ್ಡಪ್ಪ.

"ಮನೆಗೆ ಬರುವುದು ನನಗಾ?"

ನಿಂತುಕೊಂಡೇ ಫಾರಂ ತುಂಬಿದರು. ಹೆಸರಿನ ಜಾಗದಲ್ಲಿ ಜಲಜಾ ಎಂದು ಬರೆದರು. ಆ ಹೆಸರನ್ನು ನಾನು ಅದೇ ಮೊದಲು ಓದಿದ್ದು. ಕಿರಿಯರ ಕಪಾಟಿನಿಂದ ಹಸಿರು ರಟ್ಟಿನದನ್ನು ತಾವೇ ತೆಗೆದು, ಚೀಲಕ್ಕೆ ಹಾಕಿಕೊಂಡು ಹೋದರು. ಮನೆಯಲ್ಲಿ ಅದು ನನ್ನ ಕಣ್ಣಿಗೆ ಬೀಳಲಿಲ್ಲ.

ಎರಡು ವಾರ ಬಿಟ್ಟು ವಾಪಸು ತಂದರು. ದೊಡ್ಡಪ್ಪ ವಾಪಸಾತಿಯ ಮುದ್ರೆ ಒತ್ತುವ ಮೊದಲು ರೂಢಿಯಂತೆ ಪುಸ್ತಕ ಸವರಿ ನೋಡಿದರು. ಕೈ ನಡುವಿನಲ್ಲಿ ನಿಂತಿತು.

"ಇದೆಂತದು, ದಪ್ಪ ಉಂಟಲ್ಲ? ಹೆಣ್ಣೇ, ನೋಡು."

ನಾನು ಪುಸ್ತಕ ತೆರೆದೆ. ನಾನು ಬಳಿದ ಹಾಳೆಗಳು ಹಲಗೆಯ ಹಾಗೆ ಗಟ್ಟಿಯಾಗಿ ಹಾಗೆಯೇ ಇದ್ದವು. ಅವುಗಳ ಪಕ್ಕದಲ್ಲಿ ಗೆರೆ ಹಾಕಿದ ನೋಟ್‌ಬುಕ್ಕಿನ ಹಾಳೆಗಳು, ಬಿಳಿ ದಾರದಿಂದ ಪುಸ್ತಕಕ್ಕೆ ಹೊಲಿದವು. ಎರಡೂ ಬದಿ ದೊಡ್ಡಮ್ಮನ ಉರುಟು ಅಕ್ಷರ.

"ಕಾಗದ ದೊಡ್ಡಪ್ಪಾ. ಬರೆದದ್ದು."

"ಎಂತ ಬರೆದದ್ದು? ಓದು."

ದೊಡ್ಡಮ್ಮ ಮೇಜಿನ ಆಚೆ ಚೀಲ ಹಿಡಿದು ನಿಂತಿದ್ದರು. ಕೋಣೆಯಲ್ಲಿ ಬೇರೆ ಯಾರೂ ಇರಲಿಲ್ಲ. ನಾನು ಓದಿದೆ. ಬಸ್ಸು ಬಂತು, ಅಪ್ಪ ಇಳಿದ, ಜಗಲಿಯಲ್ಲಿ ನಿಂತ. ಅಲ್ಪವಿರಾಮವೂ ತಪ್ಪಿರಲಿಲ್ಲ. "ತಪ್ಪು ನನ್ನದು, ಮಗಳೇ" ಎಂಬಲ್ಲಿಗೆ ಬಂದಾಗ ಸಾಲಿನ ಕೆಳಗೆ ಬೆರಳಿಟ್ಟು ನಿಧಾನ ಮಾಡಿದೆ. "ನನ್ನನ್ನು ಕ್ಷಮಿಸು" ಎಂದು ಹಾಳೆ ನೋಡುತ್ತಲೇ ಹೇಳಿದೆ. ಅದರ ಕೆಳಗೆ ಒಂದು ಸಾಲು ಇತ್ತು, ಪುಸ್ತಕದಲ್ಲಿ ಇಲ್ಲದ್ದು. ಅದನ್ನೂ ಓದಿದೆ. ಅಪ್ಪ ಕೇಳುತ್ತಾನೆ: "ನಿನ್ನ ಊಟ ಆಯಿತಾ?"

ದೊಡ್ಡಪ್ಪನ ಬೆರಳುಗಳ ನಡುವೆ ಇದ್ದ ನಸ್ಯ ಮೇಜಿನ ಮೇಲೆ ಉದುರಿತು. ಅವರು ಅದನ್ನು ಅಂಗೈಯಿಂದ ಒಂದೆಡೆಗೆ ಸರಿಸಿದರು. ಆಮೇಲೆ ಹೇಳಿದರು:

"ಅಂಟಿಸು."

ನಾನು ಬ್ರಶ್ಶು ತೆಗೆದುಕೊಂಡೆ. ಅದನ್ನು ಪಾತ್ರೆಯಲ್ಲಿ ಅದ್ದಲಿಲ್ಲ. ಒಣ ಬ್ರಶ್ಶನ್ನು ಹಸಿರು ರಟ್ಟಿನ ಮೇಲೆ ಸರ್ ಸರ್ ಎಂದು ಅವರಿಗೆ ಕೇಳುವಷ್ಟು ಜೋರಾಗಿ ಎಳೆದೆ, ಮೇಲಿಂದ ಕೆಳಗೆ, ಎಂಟು ಹತ್ತು ಸಲ. ಪುಸ್ತಕ ಮುಚ್ಚಿದೆ.

"ಆಯ್ತಾ?"

"ಆಯ್ತು ದೊಡ್ಡಪ್ಪಾ."

"ಪೂರ್ತಿ ಬಳಿದಿಯಾ?"

"ಪೂರ್ತಿ."

ದೊಡ್ಡಪ್ಪ ಮುದ್ರೆ ಒತ್ತಿದರು. ನಾನು ಎದ್ದುಹೋಗಿ ಅದನ್ನು ಕಿರಿಯರ ಕಪಾಟಿನಲ್ಲಿ ಅದರ ಜಾಗಕ್ಕೆ ಸೇರಿಸಿದೆ. ದೊಡ್ಡಮ್ಮ ಎಲ್ಲವನ್ನೂ ನೋಡುತ್ತಿದ್ದರು. ಚೀಲದಿಂದ ತಮ್ಮ ಕಾರ್ಡು ತೆಗೆದು ಮೇಜಿನ ಮೇಲಿಟ್ಟರು.

"ಅದರ ಪಕ್ಕದ್ದು ಕೊಡಿ" ಎಂದರು.